ದಿನಕ್ಕೆ 25 ಪೌಂಡ್, ಮೇಲೊಂದು ತುಂಡು

ಅಮೆರಿಕದ ಪಶ್ಚಿಮದ ಮರುಭೂಮಿಗಳಲ್ಲಿ ಕಲ್ಲು ಆಯಲು ಹೋಗುವವರಿಗೆಲ್ಲ ಒಂದು ನಿಯಮ ಬಾಯಿಪಾಠವಾಗಿರುತ್ತದೆ. ಸಾರ್ವಜನಿಕ ಭೂಮಿಯಿಂದ ಒಬ್ಬ ವ್ಯಕ್ತಿ ದಿನವೊಂದಕ್ಕೆ 25 ಪೌಂಡ್ ತೂಕದ ಕಲ್ಲಾದ ಮರವನ್ನೂ (ಕೋಟ್ಯಂತರ ವರ್ಷ ನೆಲದಡಿ ಹುದುಗಿ ಕಲ್ಲಾಗಿ ಮಾರ್ಪಟ್ಟ ಮರ ಇದು), ಅದರ ಮೇಲೆ ಇನ್ನೊಂದೇ ಒಂದು ತುಂಡನ್ನೂ ಪುಕ್ಕಟೆಯಾಗಿ ಒಯ್ಯಬಹುದು; ವರ್ಷದ ಒಟ್ಟು ಲೆಕ್ಕ ಮಾತ್ರ 250 ಪೌಂಡ್ ದಾಟಬಾರದು. ನಮ್ಮ ಅಳತೆಯಲ್ಲಿ ದಿನಕ್ಕೆ ಹನ್ನೊಂದು ಕಿಲೋಗಿಂತ ತುಸು ಹೆಚ್ಚು, ವರ್ಷಕ್ಕೆ ಸುಮಾರು 113 ಕಿಲೋ. ಆಯ್ದದ್ದನ್ನು ವ್ಯಾಪಾರಿಗಳಿಗೆ ಮಾರುವಂತಿಲ್ಲ, ಸಿಡಿಮದ್ದನ್ನಾಗಲಿ ಭಾರೀ ಯಂತ್ರಗಳನ್ನಾಗಲಿ ಬಳಸುವಂತಿಲ್ಲ, ನಾಲ್ಕು ಜನ ತಮ್ಮ ಪಾಲುಗಳನ್ನು ಕೂಡಿಸಿಕೊಂಡು 250 ಪೌಂಡ್‌ಗಿಂತ ದೊಡ್ಡ ದಿಮ್ಮಿಯನ್ನು ಹೊತ್ತೊಯ್ಯುವಂತಿಲ್ಲ. ಅರಿಜೋನಾದಲ್ಲಿ ನೆಲೆಸಿ ಈ ಹುಚ್ಚು ಹತ್ತಿಸಿಕೊಂಡ ಮೇಲೆ ನಾನು ಓದಬೇಕಾಗಿ ಬಂದ ಸರ್ಕಾರಿ ನಿಯಮಗಳಲ್ಲಿ ಮನುಷ್ಯಸ್ವಭಾವವನ್ನು ಬಲ್ಲ ನಿಯಮವೆಂದರೆ ಇದೊಂದೇ. ಆ ‘ಮೇಲೊಂದು ತುಂಡು’ ಎಂಬ ಮಾತನ್ನು ಸೇರಿಸಿದವರು ಒಮ್ಮೆಯಾದರೂ ಬಿಸಿಲಿನಲ್ಲಿ ಕಲ್ಲು ಆಯ್ದವರೇ ಇರಬೇಕು. ಚೀಲ ಭರ್ತಿಯಾದ ಮೇಲೆಯೇ ಅತ್ಯುತ್ತಮವಾದ ಕಲ್ಲು ಕಣ್ಣಿಗೆ ಬೀಳುತ್ತದೆ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವ ಸಂಗತಿಯಲ್ಲ.

ಇಲ್ಲಿ ಸಾರ್ವಜನಿಕ ಭೂಮಿ ಎಂದರೆ ಬಹುಮಟ್ಟಿಗೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಇಲಾಖೆಯ ಸುಪರ್ದಿಯಲ್ಲಿರುವ ನೆಲ. ಸುಮಾರು 24.5 ಕೋಟಿ ಎಕರೆ. ದೇಶದ ಒಟ್ಟು ನೆಲದ ಹತ್ತರಲ್ಲೊಂದು ಪಾಲು. ವಲಸಿಗರಿಗೆ ಹಂಚಿ ಉಳಿದದ್ದು, ಉಳುಮೆಗೆ ಒದಗದ್ದು, ರೈಲು ಕಂಪನಿಗಳಿಗೂ ಬೇಡವಾದದ್ದು ಸೇರಿ ಆದ ಆಸ್ತಿ ಇದು. 1946ರಲ್ಲಿ ಹಳೆಯ ಭೂ ಕಚೇರಿಯನ್ನೂ ಮೇವಿನ ಇಲಾಖೆಯನ್ನೂ ಒಂದುಗೂಡಿಸಿ ಈ ಸಂಸ್ಥೆಯನ್ನು ಕಟ್ಟಿದರು. ಇಂದಿಗೂ ಇಲ್ಲಿ ದನಗಾಹಿಗಳು ಶುಲ್ಕ ಕಟ್ಟಿ ಜಾನುವಾರು ಮೇಯಿಸುತ್ತಾರೆ. ನಮ್ಮ ಊರುಗಳ ಗೋಮಾಳವನ್ನು ಬಲ್ಲವರಿಗೆ ಇದರ ಸ್ವರೂಪ ಬೇಗ ಅರ್ಥವಾಗುತ್ತದೆ: ಎಲ್ಲರದ್ದೂ ಹೌದು, ಯಾರೊಬ್ಬರದ್ದೂ ಅಲ್ಲ. ಗೋಮಾಳ ಎಂದೊಡನೆ ಒತ್ತುವರಿ ಎಂಬ ಮಾತೂ ಬೆನ್ನಿಗೇ ಬರುವ ನಾಡಿನಿಂದ ಬಂದ ನನಗೆ, ಬೇಲಿಯಿಲ್ಲದ, ಕಾವಲುಗಾರನಿಲ್ಲದ, ಕೇಳುವವರಿಲ್ಲದ ಇಷ್ಟು ವಿಸ್ತಾರವಾದ ನೆಲದಲ್ಲಿ ತೂಕದ ಮಿತಿಯನ್ನು ಜನ ತಾವಾಗಿಯೇ ಪಾಲಿಸುತ್ತಾರೆಂದು ನಂಬಿ ಕಾನೂನು ಮಾಡಿದ್ದು ಮೊದಮೊದಲು ಪೆದ್ದುತನವೆಂದೇ ತೋರಿತ್ತು.

ಕಲ್ಲು ಆಯುವವನಿಗೆ ಸುತ್ತಿಗೆಗಿಂತ ಮೊದಲು ಬೇಕಾದದ್ದು ನಕಾಶೆ. ಇಲಾಖೆಯ ನಕಾಶೆಗಳಲ್ಲಿ ಅದರ ಸ್ವಂತ ನೆಲ ಹಳದಿ, ಅರಣ್ಯ ಇಲಾಖೆಯದು ಹಸಿರು, ರಾಜ್ಯ ಸರ್ಕಾರದ್ದು ನೀಲಿ, ಖಾಸಗಿ ಜಮೀನು ಬಿಳಿ. ಉತ್ತರ ಅರಿಜೋನಾದ ಹಾಳೆಯನ್ನು ಬಿಡಿಸಿದರೆ ಕೆಲವು ಕಡೆ ಈ ಬಣ್ಣಗಳು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದರಂತೆ ಕೂತಿರುವುದು ಕಾಣಿಸುತ್ತದೆ. 1866ರಲ್ಲಿ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ರೈಲು ಕಂಪನಿಗೆ ಹಳಿಯ ಇಕ್ಕೆಲದಲ್ಲಿ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿಯನ್ನು ದಾನವಾಗಿ ಕೊಟ್ಟದ್ದರ ಗುರುತು ಅದು. ಅದೇ ಮಣ್ಣು, ಅದೇ ದಿಬ್ಬ, ಅದೇ ಕಲ್ಲು. ಹಳದಿ ಚೌಕದಲ್ಲಿ ನಿಂತು ಬಗ್ಗಿದರೆ ಅದು ಹವ್ಯಾಸ, ಹತ್ತು ಹೆಜ್ಜೆ ನಡೆದು ಬಿಳಿ ಚೌಕದಲ್ಲಿ ಬಗ್ಗಿದರೆ ಕಳವು. ನೀಲಿ ಚೌಕದಲ್ಲಿ, ಅಂದರೆ ರಾಜ್ಯದ ಟ್ರಸ್ಟ್ ಭೂಮಿಯಲ್ಲಿ, ತಿರುಗಾಡಲು ಪರವಾನಗಿ ಸಿಕ್ಕರೂ ಕಲ್ಲು ಒಯ್ಯುವಂತಿಲ್ಲ. ಇಲ್ಲಿಯ ಮೂಲನಿವಾಸಿಗಳಾದ ನವಾಹೋ ಜನರ ಭೂಮಿಯಂತೂ ಅವರದೇ ಸರ್ಕಾರದ ಆಡಳಿತಕ್ಕೆ ಒಳಪಟ್ಟದ್ದು. ಅಲ್ಲಿ ನಮ್ಮಂಥವರು ಕೈಕಟ್ಟಿಕೊಂಡು ನೋಡಿ ಬರತಕ್ಕದ್ದು. ಹಳದಿಯಲ್ಲೂ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ ಭಾಗಗಳಿರುತ್ತವೆ, ಯಾರಾದರೂ ಗಣಿ ಹಕ್ಕು ನೆಟ್ಟಿರುವ ಜಾಗಗಳಿರುತ್ತವೆ. ಹೊರಡುವ ಮುನ್ನ ಆ ವಲಯದ ಕಚೇರಿಗೆ ಒಂದು ಫೋನ್ ಮಾಡುವುದು ಎಲ್ಲಕ್ಕಿಂತ ಸುಲಭದ ದಾರಿ. ಅಲ್ಲಿ ಫೋನ್ ಎತ್ತುವವರು ಹೆಚ್ಚಾಗಿ ತಾವೇ ಕಲ್ಲಿನ ಮೋಹವುಳ್ಳವರು, ಮಾತು ಬೇಗ ಮುಗಿಯುವುದಿಲ್ಲ.

ಈ ನಿಯಮ ಹುಟ್ಟಿದ ಬಗೆಯಲ್ಲಿಯೇ ಒಂದು ಕಥೆಯಿದೆ. 1872ರ ಗಣಿ ಕಾನೂನಿನ ಪ್ರಕಾರ ಸಾರ್ವಜನಿಕ ಭೂಮಿಯಲ್ಲಿ ಬೆಲೆಬಾಳುವ ಖನಿಜ ಕಂಡವರು ಗೂಟ ನೆಟ್ಟು ಹಕ್ಕು ಸಾಧಿಸಬಹುದು. ಕಲ್ಲಾದ ಮರವೂ ಖನಿಜವೇ ತಾನೆ ಎಂದು ವಾದಿಸಿ ಅದರ ಹಾಸುಗಳ ಮೇಲೆ ಗೂಟ ನೆಡುವ ದಾರಿ ತೆರೆದಿತ್ತು. 1962ರ ಸೆಪ್ಟೆಂಬರ್ 28ರಂದು ಬಂದ ಕಾಯ್ದೆ ಆ ದಾರಿಯನ್ನು ಮುಚ್ಚಿತು: ಮರವು ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕಾದಿಂದಲೋ ಬೇರೆ ವಸ್ತುವಿನಿಂದಲೋ ಮಾರ್ಪಟ್ಟು ಆದ ಯಾವ ಕಲ್ಲಿನ ಮೇಲೂ ಗಣಿ ಹಕ್ಕು ಇಲ್ಲ, ಆದರೆ ಹವ್ಯಾಸಿಗಳು ಅಲ್ಪ ಪ್ರಮಾಣದಲ್ಲಿ ಉಚಿತವಾಗಿ ಒಯ್ಯಲು ನಿಯಮ ರೂಪಿಸತಕ್ಕದ್ದು ಎಂದು ಅದು ಹೇಳಿತು. ಅದೇ ವರ್ಷದ ಡಿಸೆಂಬರ್ 9ರಂದು, 1906ರಿಂದ ರಾಷ್ಟ್ರೀಯ ಸ್ಮಾರಕವಾಗಿದ್ದ ಅರಿಜೋನಾದ ಕಲ್ಲಾದ ಮರಗಳ ಪ್ರದೇಶವು ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಉಗುರಿನಷ್ಟು ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ಒಂದೇ ವರ್ಷದಲ್ಲಿ ಒಂದೇ ವಸ್ತುವಿನ ಬಗ್ಗೆ ‘ಮುಟ್ಟಬೇಡ’ ಮತ್ತು ‘ಮಿತಿಯಲ್ಲಿ ತೆಗೆದುಕೋ’ ಎಂಬ ಎರಡು ತೀರ್ಮಾನಗಳು ಒಟ್ಟಿಗೆ ಜಾರಿಗೆ ಬಂದದ್ದರಲ್ಲಿ ವಿರೋಧವಿದೆ ಎಂದು ನನಗೆ ಅನಿಸುವುದಿಲ್ಲ. ಮೊದಲನೆಯದು ಇಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳೇ ಸಾಕ್ಷಿ. ಆಗ ದಿಮ್ಮಿಗಳ ಟೊಳ್ಳಿನಲ್ಲಿ ಬೆಳೆದ ಕೆನ್ನೀಲಿ ಅಮೆಥಿಸ್ಟ್ ಹರಳುಗಳಿಗಾಗಿ ಅವುಗಳನ್ನು ಡೈನಮೈಟ್ ಇಟ್ಟು ಒಡೆಯುತ್ತಿದ್ದರು. ದಿಮ್ಮಿಗಳನ್ನು ಪುಡಿಮಾಡಿ ಉಜ್ಜುಪುಡಿ ತಯಾರಿಸಲೆಂದು ಅಡಮಾನಾ ಎಂಬ ರೈಲು ನಿಲ್ದಾಣದ ಬಳಿ ಗಿರಣಿಯನ್ನೂ ಕಟ್ಟಿದ್ದರು. ಇಪ್ಪತ್ತು ಕೋಟಿ ವರ್ಷಗಳಿಗೂ ಹಳೆಯ ಮರವನ್ನು ಸಾಣೆಪುಡಿ ಮಾಡಲು ಹೊರಟವರನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಈ ಮರಗಳು ನಿಂತಲ್ಲೇ ಕಲ್ಲಾದವಲ್ಲ. ಸುಮಾರು 22 ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದ ಉತ್ತರಾರ್ಧದಲ್ಲಿ, ಈ ಪ್ರದೇಶ ಭೂಮಧ್ಯರೇಖೆಯ ಸಮೀಪದಲ್ಲಿದ್ದು ನದಿಗಳಿಂದ ತುಂಬಿತ್ತು. ಪ್ರವಾಹಕ್ಕೆ ಸಿಕ್ಕಿ ಬುಡಮೇಲಾದ ದೊಡ್ಡ ಮರಗಳು ತೇಲಿಬಂದು, ಕೊಂಬೆ ತೊಗಟೆಗಳನ್ನು ಕಳೆದುಕೊಂಡು, ಹೂಳಿನಡಿ ಬೇಗನೆ ಹುದುಗಿಹೋದವು. ಗಾಳಿ ತಾಗದ್ದರಿಂದ ಕೊಳೆಯುವುದು ತಡವಾಯಿತು. ಹೂಳಿನಲ್ಲಿ ಬೆರೆತಿದ್ದ ಜ್ವಾಲಾಮುಖಿಯ ಬೂದಿಯಿಂದ ಸಿಲಿಕಾ ಕರಗಿ ಅಂತರ್ಜಲದೊಡನೆ ಮರದ ಕೋಶಕೋಶಕ್ಕೂ ಇಳಿಯಿತು. ಮರ ಸಾವಕಾಶವಾಗಿ ಜಾಗ ಬಿಟ್ಟುಕೊಡುತ್ತ ಹೋದಂತೆ ಬೆಣಚುಕಲ್ಲು ಆ ಜಾಗದಲ್ಲಿ ಕೂತಿತು. ಕಬ್ಬಿಣದ ಅಂಶ ಕೆಂಪು, ಹಳದಿ, ಕಂದು ಬಣ್ಣಗಳನ್ನೂ ಮ್ಯಾಂಗನೀಸ್ ಕಪ್ಪನ್ನೂ ಕೊಟ್ಟವು. ಬೆಣಚುಕಲ್ಲು ಗಟ್ಟಿ, ಆದರೆ ಬಾಗದು. ಭೂಮಿ ಅಲುಗಿದಾಗ, ಅಡಿಯ ಜೇಡಿ ಕುಸಿದಾಗ, ದಿಮ್ಮಿಗಳು ಅಡ್ಡಡ್ಡಕ್ಕೆ ಸೀಳಿ ಗರಗಸದಿಂದ ಕೊಯ್ದಿಟ್ಟ ಸೌದೆಯ ತುಂಡುಗಳಂತೆ ಬಿದ್ದಿವೆ. ನವಾಹೋ ಜನರ ಹಳೆಯ ಕಥನದಲ್ಲಿ ಇವು ಯೀಟ್ಸೋ ಎಂಬ ದೈತ್ಯನ ಎಲುಬುಗಳು. ಬಯಲಿನಲ್ಲಿ ನಿಂತು ನೋಡಿದರೆ ಸಿಲಿಕಾದ ವಿವರಣೆಗಿಂತ ಅದೇ ಹೆಚ್ಚು ನಂಬತಕ್ಕದ್ದೆಂದು ಅನಿಸುವ ಗಳಿಗೆಗಳೂ ಇವೆ.

ಹೊಸಬರಿಗೆ ಬಯಲೆಲ್ಲ ಒಂದೇ ಥರದ ಕಲ್ಲಿನ ಹರಹಿನಂತೆ ಕಾಣುತ್ತದೆ. ಕಣ್ಣು ಪಳಗಲು ಕಾಲ ಬೇಕು, ಆದರೆ ಕಿವಿ ಬೇಗ ಪಳಗುತ್ತದೆ: ಕಲ್ಲಾದ ಮರದ ಎರಡು ಚೂರುಗಳನ್ನು ತಾಕಿಸಿದರೆ ಪಿಂಗಾಣಿ ಬಟ್ಟಲು ತಾಗಿದಂಥ ಚುರುಕಾದ ದನಿ ಬರುತ್ತದೆ, ಮರಳುಗಲ್ಲು ಮಂಕಾಗಿ ಟಪ್ಪೆನ್ನುತ್ತದೆ. ಮೈಮೇಲೆ ಸುಣ್ಣದ ಬಿಳಿಯ ಪೊರೆ ಕಟ್ಟಿರುವ ತುಂಡಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ ಮುರಿದ ಅಂಚಿನಲ್ಲಿ ಬಣ್ಣ ಎದ್ದು ಬರುತ್ತದೆ. ಹಾಗೆ ನೋಡನೋಡುತ್ತಿರುವಾಗಲೇ ಬಿಸಿಲು ಆ ನೀರನ್ನು ಹೀರಿ ಕಲ್ಲನ್ನು ಮತ್ತೆ ಬೂದುಬಣ್ಣಕ್ಕೆ ಮರಳಿಸುತ್ತದೆ. ಮರದ ಎಳೆಗಳು ಉದ್ದಕ್ಕೆ ಸ್ಪಷ್ಟವಾಗಿ ಕಾಣುವ, ಆದರೆ ಬಣ್ಣದಲ್ಲಿ ಬಡವಾದ ತುಂಡುಗಳಿರುತ್ತವೆ. ಬಣ್ಣದ ಹಬ್ಬವೇ ಆದರೂ ಬೆಣಚು ಮತ್ತೆ ಹರಳುಗಟ್ಟಿ ಮರದ ನೇಯ್ಗೆಯೆಲ್ಲ ಅಳಿಸಿಹೋದ ತುಂಡುಗಳೂ ಇರುತ್ತವೆ. ಅರಿಜೋನಾದ ಹೆಸರಾಂತ ಮರಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಅಂಗಡಿಗಳಲ್ಲಿ ಬೆಲೆ ಬಣ್ಣಕ್ಕೆ. ನಾನು ಆಯುವುದು ಎಳೆ ಕಾಣುವ ಕಲ್ಲುಗಳನ್ನು. ಅವುಗಳಲ್ಲಿ ಮರ ಇನ್ನೂ ಮರವಾಗಿ ಉಳಿದಿದೆ.

ಅಗೇಟ್ ಹುಡುಕುವ ಕ್ರಮ ಬೇರೆ. ಹಳೆಯ ಲಾವಾದಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ಟೊಳ್ಳುಗಳಲ್ಲಿ ಸಿಲಿಕಾ ಪದರಪದರವಾಗಿ ಕೂತು ಆದ ಕಲ್ಲು ಇದು. ಲಾವಾ ಸವೆದು ಪುಡಿಯಾದರೂ ಅಗೇಟ್ ಸವೆಯದೆ ನೆಲದ ಮೇಲೆ ಉಳಿಯುತ್ತದೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಪ್ಪುಕಲ್ಲಿನ ನಾಡಿನಲ್ಲಿ, ಭೀಮಾ ಕೃಷ್ಣೆಯರ ಜಲ್ಲಿಯಲ್ಲಿ ಸಿಗುವ ಮಿರುಗುವ ಬೆಣಚುಕಲ್ಲುಗಳ ಹುಟ್ಟೂ ಇಂಥದೇ. ಮುಂಜಾನೆಯೋ ಸಂಜೆಯೋ ಸೂರ್ಯ ತಗ್ಗಿನಲ್ಲಿರುವಾಗ ಅವನಿಗೆ ಎದುರಾಗಿಯೇ ನಡೆಯಬೇಕು. ಆಗ ಬೆಳಕು ಹಾಯುವ ಕಲ್ಲುಗಳು ಮಾತ್ರ ಒಳಗಿನಿಂದ ಹೊತ್ತಿಕೊಂಡಂತೆ ತೋರುತ್ತವೆ, ಉಳಿದವು ಕಪ್ಪಾಗಿಯೇ ಇರುತ್ತವೆ. ನೆತ್ತಿಯ ಬಿಸಿಲಿನಲ್ಲಿ ಅದೇ ಜಾಗದಲ್ಲಿ ಏನೂ ಕಾಣುವುದಿಲ್ಲ. ಅರಿಜೋನಾದ ಆಗ್ನೇಯದಲ್ಲಿ, ಸ್ಯಾಫರ್ಡ್ ಪಟ್ಟಣದ ಆಚೆ ಬ್ಲ್ಯಾಕ್ ಹಿಲ್ಸ್, ಡಂಕನ್ ಬಳಿ ರೌಂಡ್ ಮೌಂಟನ್ ಎಂಬ ಎರಡು ಜಾಗಗಳನ್ನು ಇಲಾಖೆಯೇ ಕಲ್ಲು ಆಯುವವರಿಗೆಂದು ಗುರುತಿಸಿಕೊಟ್ಟಿದೆ. ಅಲ್ಲಿ ಸಿಗುವುದು ಫೈರ್ ಅಗೇಟ್. ಮೊದಲ ನೋಟಕ್ಕೆ ದ್ರಾಕ್ಷಿಗೊಂಚಲಿನಂಥ ಉಬ್ಬುಗಳುಳ್ಳ ಕಂದುಬಣ್ಣದ ಸಾಧಾರಣ ಕಲ್ಲು. ಉಬ್ಬಿನ ಮೈಯನ್ನು ಹದವಾಗಿ ಉಜ್ಜಿ ಬಿಸಿಲಿಗೆ ತಿರುಗಿಸಿದರೆ ಒಳಗಿನ ಕಬ್ಬಿಣದ ಆಕ್ಸೈಡಿನ ಅತಿ ತೆಳುವಾದ ಪದರಗಳ ಮೇಲೆ ಬೆಳಕು ಒಡೆದು ಹಸಿರೂ ಕಿತ್ತಳೆಯೂ ಓಡಾಡುತ್ತವೆ. ಒಂದು ಪದರ ಹೆಚ್ಚು ಉಜ್ಜಿದರೆ ಆ ಬೆಂಕಿ ಹೋಯಿತು, ಮತ್ತೆ ಬರುವುದಿಲ್ಲ.

ಹಾವಿನ ಮಾತನ್ನೂ ಹೇಳಿಬಿಡುತ್ತೇನೆ. ಇದು ಬುಡುಬುಡಿಕೆ ಹಾವಿನ ನಾಡು. ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಇಡಬಾರದು. ಕಲ್ಲನ್ನು ಮಗುಚುವಾಗ ಆಚೆಯ ಅಂಚನ್ನು ಹಿಡಿಗೋಲಿನಿಂದ ತನ್ನ ಕಡೆಗೆ ಎತ್ತಬೇಕು, ಅಡಿಯಲ್ಲಿ ಇರುವ ಜೀವಕ್ಕೆ ಹೊರಡಲು ಆಚೆ ಕಡೆ ದಾರಿ ಇರಬೇಕು. ಮಗುಚಿದ ಕಲ್ಲನ್ನು ಮತ್ತೆ ಇದ್ದಂತೆ ಕೂರಿಸಬೇಕು, ತೋಡಿದ ಗುಂಡಿಯನ್ನು ಮುಚ್ಚಬೇಕು. ಬೆಣಚಿಗೆ ಸುತ್ತಿಗೆ ಹಾಕುವಾಗ ಕನ್ನಡಕ ಕಡ್ಡಾಯ, ಅದರ ಚಕ್ಕೆ ಗಾಜಿನಷ್ಟೇ ಹರಿತ.

ಇನ್ನು ತೂಕದ ವಿಷಯ. ಊರಿಗೆ ಹೋಗುವಾಗ ಸೂಟ್‌ಕೇಸುಗಳು 23 ಕಿಲೋ ಮೀರದಂತೆ ನೋಡಿಕೊಳ್ಳಲು ಇಲ್ಲಿನ ಪ್ರತಿಯೊಂದು ಕನ್ನಡಿಗರ ಮನೆಯಲ್ಲೂ ಕೊಕ್ಕೆಯ ತೂಕದ ಯಂತ್ರವೊಂದು ಇದ್ದೇ ಇರುತ್ತದೆ. ನಮ್ಮ ಮನೆಯದು ಹೆಚ್ಚಾಗಿ ಕಾರಿನ ಡಿಕ್ಕಿಯಲ್ಲಿರುತ್ತದೆ. ಮಧ್ಯಾಹ್ನಕ್ಕೆ ಕ್ಯಾನ್ವಾಸ್ ಚೀಲವನ್ನು ಅದರ ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ಅಂಕಿ ನಿಧಾನವಾಗಿ ತೂಗಾಡಿ ನಿಲ್ಲುತ್ತದೆ, ಅದು ಯಾವಾಗಲೂ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ. ಬೆಣಚುಕಲ್ಲು ನೀರಿನ ಎರಡೂವರೆ ಪಟ್ಟಿಗಿಂತ ಭಾರ. ಒಂದು ಸಣ್ಣ ತೆಂಗಿನಕಾಯಿಯ ಗಾತ್ರದ ಐದಾರು ತುಂಡುಗಳಾದರೆ ದಿನದ ಪಾಲು ಮುಗಿದಂತೆ. ಆಗ ಚೀಲವನ್ನು ಡಾಂಬರು ಕಾಣದ ಆ ದಾರಿಯ ಬದಿಯಲ್ಲಿ ಸುರಿದು, ಯಾವುದು ಬರಬೇಕು ಯಾವುದು ಉಳಿಯಬೇಕು ಎಂದು ನೋಡುತ್ತ ಕೂರಬೇಕಾಗುತ್ತದೆ. ನಾನು ಈ ಕಲ್ಲುಗಳ ಬಗ್ಗೆ ಕಲಿತದ್ದರಲ್ಲಿ ಹೆಚ್ಚು ಪಾಲು ಹೀಗೆ ಕೂತು ಕಲಿತದ್ದು. ಆಯುವಾಗ ಮನಸ್ಸು ಎಲ್ಲಕ್ಕೂ ಹೂಂಗುಟ್ಟುತ್ತದೆ. ಬಿಡಬೇಕಾಗಿ ಬಂದಾಗ ಮಾತ್ರ ಇದರಲ್ಲಿ ಗಂಟಿನ ಗುರುತಿದೆ, ಇದರಲ್ಲಿ ಇಲ್ಲ. ಇದರ ಬಿರುಕು ಒಳಗಿನವರೆಗೂ ಹೋಗಿದೆ, ಇದರದ್ದು ಮೇಲಷ್ಟೇ ಎಂಬ ವ್ಯತ್ಯಾಸಗಳು ಕಾಣತೊಡಗುತ್ತವೆ. ಪೆದ್ದುತನವೆಂದು ನಾನು ಭಾವಿಸಿದ್ದ ನಿಯಮದ ಜಾಣತನ ಇಲ್ಲಿದೆ. ಅದು ಕಾವಲುಗಾರನ ಕೆಲಸವನ್ನು ಆಯುವವನ ಬೆನ್ನಿಗೂ ಅವನ ಆಯ್ಕೆಗೂ ವಹಿಸಿಬಿಟ್ಟಿದೆ.

ಮನೆಗೆ ತಂದ ಮೇಲೆ ಪ್ರತಿ ತುಂಡಿಗೂ ಜಾಗ, ತಾರೀಖು, ನಕಾಶೆಯ ಚೌಕದ ಸಂಖ್ಯೆ ಬರೆದ ಚೀಟಿ ಅಂಟಿಸುತ್ತೇನೆ. ಸಣ್ಣ ಚೂರುಗಳು ಟಂಬ್ಲರಿಗೆ, ಅಂದರೆ ಕಲ್ಲುಗಳನ್ನು ಉರುಳಿಸುತ್ತ ನಯಗೊಳಿಸುವ ಯಂತ್ರಕ್ಕೆ, ಹೋಗುತ್ತವೆ: ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಒರಟಿನಿಂದ ನಯಕ್ಕೆ ಬದಲಿಸುತ್ತ, ಹಂತಕ್ಕೆ ಹೆಚ್ಚುಕಡಿಮೆ ಒಂದು ವಾರದಂತೆ ತಿಂಗಳೊಂದು ಗ್ಯಾರೇಜಿನಲ್ಲಿ ಗರಗರ ಸದ್ದು. ಮನೆಯವರ ತಾಳ್ಮೆಯನ್ನು ಇಲ್ಲಿ ಸ್ಮರಿಸುವುದು ನ್ಯಾಯ.

ಎತ್ತಲೇಬಾರದ ವಸ್ತುಗಳೂ ಇದೇ ನೆಲದಲ್ಲಿ ಇವೆ. ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆ, ಎಂದರೆ ಡೈನೋಸಾರಿನ ಎಲುಬಿನ ಚೂರು, ಅದು ಅಗೇಟಾಗಿ ಮಾರ್ಪಟ್ಟು ಎಷ್ಟೇ ಚೆಲುವಾಗಿದ್ದರೂ, ಪರವಾನಗಿಯಿರುವ ಸಂಶೋಧಕರಿಗೆ ಮಾತ್ರ. 2009ರ ಕಾಯ್ದೆ ಇದನ್ನು ಸ್ಪಷ್ಟಪಡಿಸಿತು. ಮನುಷ್ಯರು ಮಾಡಿದ ಹಳೆಯ ವಸ್ತುಗಳಿಗೆ 1979ರ ಕಾಯ್ದೆಯ ರಕ್ಷಣೆಯಿದೆ. ಇದು ಕಾಣುವಷ್ಟು ಸರಳವಲ್ಲ, ಏಕೆಂದರೆ ಇಲ್ಲಿಯ ಮೂಲನಿವಾಸಿಗಳು ಉಪಕರಣ ಮಾಡಿಕೊಂಡದ್ದೂ ಇದೇ ಕಲ್ಲಿನಿಂದ. ರಾಷ್ಟ್ರೀಯ ಉದ್ಯಾನದೊಳಗೆ ಅಗೇಟ್ ಹೌಸ್ ಎಂಬ ಎಂಟು ಕೋಣೆಗಳ ಹಳೆಯ ಮನೆಯೊಂದಿದೆ. ಪ್ಯೂಬ್ಲೋ ಜನರ ಪೂರ್ವಿಕರು ಕಲ್ಲಾದ ಮರದ ತುಂಡುಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮಣ್ಣಿನ ಗಾರೆ ಹಾಕಿ ಕಟ್ಟಿದ್ದು. ಬಯಲಿನಲ್ಲಿ ಸಿಗುವ ಚಕ್ಕೆಯೊಂದರ ಅಂಚಿನಲ್ಲಿ ಒಂದೇ ಅಳತೆಯ ಸಣ್ಣ ಸಣ್ಣ ಕಚ್ಚುಗಳು ಸಾಲಾಗಿದ್ದರೆ ಅದು ಮಳೆಗಾಳಿಯ ಕೆಲಸವಲ್ಲ, ಯಾರದೋ ಕೈಕೆಲಸ. ಅಂಥದನ್ನು ನೋಡಿ ಇದ್ದಲ್ಲಿಯೇ ಬಿಡುವುದು ಕಲ್ಲಿನ ಮೋಹಕ್ಕೆ ಒಡ್ಡುವ ನಿಜವಾದ ಪರೀಕ್ಷೆ.

ನಿಷೇಧವೊಂದೇ ಸಾಕೆನ್ನುವವರು ಆ ಉದ್ಯಾನದ ಅನುಭವವನ್ನು ನೋಡಬೇಕು. ಪ್ರವಾಸಿಗರು ವರ್ಷಕ್ಕೆ 14 ಟನ್ ಕಲ್ಲುಮರವನ್ನು ಚೂರುಚೂರಾಗಿ ಕದ್ದೊಯ್ಯುತ್ತಿದ್ದಾರೆ ಎಂಬ ಅಳಲಿನ ಫಲಕ ಅಲ್ಲಿ ಬಹುಕಾಲ ಇತ್ತು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ದಾರಿಯ ಬದಿಯಲ್ಲಿ ಗುರುತು ಮಾಡಿದ ಚೂರುಗಳನ್ನಿಟ್ಟು, ಬೇರೆ ಬೇರೆ ಫಲಕಗಳನ್ನು ಹಾಕಿ ಪರೀಕ್ಷಿಸಿದರು. ‘ಹಿಂದೆ ಬಂದ ಅನೇಕರು ಒಯ್ದಿದ್ದಾರೆ’ ಎಂದು ದೂರುವ ಫಲಕವಿದ್ದಾಗ ಸುಮಾರು ನೂರಕ್ಕೆ ಎಂಟು ಚೂರುಗಳು ಮಾಯವಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಕೇಳಿದಾಗ ನೂರಕ್ಕೆ ಎರಡಕ್ಕೂ ಕಡಿಮೆ. ಎಲ್ಲರೂ ಮಾಡುತ್ತಿದ್ದಾರೆಂದು ಗೋಳಾಡಿದರೆ ಕೇಳಿದವರಿಗೆ ಅದೇ ಅನುಮತಿಯಾಗುತ್ತದೆ. ಮುಂದೆ ಹಳೆಯ ಛಾಯಾಚಿತ್ರಗಳನ್ನು ಹಿಡಿದು ಅದೇ ಜಾಗಗಳಲ್ಲಿ ನಿಂತು ಹೋಲಿಸಿದಾಗ ಬಹಳ ಕಡೆ ದಿಮ್ಮಿಗಳೂ ಚೂರುಗಳೂ ಹೆಚ್ಚುಕಡಿಮೆ ಇದ್ದಂತೆಯೇ ಇರುವುದು ಕಂಡುಬಂತು. ಕದ್ದವರಲ್ಲಿ ಕೆಲವರು ಪಶ್ಚಾತ್ತಾಪದ ಪತ್ರದೊಂದಿಗೆ ಕಲ್ಲನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಾರೆ: ಒಯ್ದ ದಿನದಿಂದ ಕೆಲಸ ಹೋಯಿತು, ಮದುವೆ ಮುರಿಯಿತು, ಕಾಯಿಲೆ ಬಂತು ಎಂದು. ಗ್ರಹಚಾರವನ್ನು ಕಲ್ಲಿನ ತಲೆಗೆ ಕಟ್ಟುವುದು ನಮ್ಮ ಕಡೆಯವರ ಸೊತ್ತಷ್ಟೇ ಅಲ್ಲ ಎಂದು ತಿಳಿದು ನನಗೆ ಸಮಾಧಾನವೇ ಆಯಿತು. ಹಿಂದಿರುಗಿದ ಕಲ್ಲುಗಳನ್ನು ಮತ್ತೆ ಬಯಲಿಗೆ ಹಾಕುವಂತಿಲ್ಲ, ಎಲ್ಲಿಂದ ಎತ್ತಿದ್ದೆಂದು ಗೊತ್ತಾಗದ ಕಲ್ಲು ಭೂವಿಜ್ಞಾನಕ್ಕೆ ತಪ್ಪು ಸಾಕ್ಷಿ ಹೇಳುತ್ತದೆ. ಆದ್ದರಿಂದ ಅವನ್ನು ಸಿಬ್ಬಂದಿಯ ದಾರಿಯೊಂದರ ಪಕ್ಕದಲ್ಲಿ ಗುಡ್ಡೆ ಹಾಕಿದ್ದಾರೆ, ‘ಆತ್ಮಸಾಕ್ಷಿಯ ರಾಶಿ’ ಎಂದು ಅದಕ್ಕೆ ಹೆಸರು.

ಹಾಗೆಂದು 1962ರ ನಿಯಮವೇ ಕೊನೆಯ ಮಾತೆಂದು ನಾನು ಹೇಳಲಾರೆ. ಮಿತಿ ಇರುವುದು ಒಯ್ಯುವವನಿಗೆ, ಜಾಗಕ್ಕಲ್ಲ. ಒಬ್ಬೊಬ್ಬರೂ ನಿಯಮ ಪಾಲಿಸಿಯೇ ದಾರಿಯಂಚಿನ ಹಾಸೊಂದನ್ನು ಕೆಲವೇ ದಶಕಗಳಲ್ಲಿ ಬರಿದು ಮಾಡಬಹುದು, ಮತ್ತು ಕಲ್ಲು ಮರು ಬೆಳೆಯುವ ಬೆಳೆಯಲ್ಲ. ಮಳೆಗಾಲದ ತೊರೆಗಳು ದಿಬ್ಬಗಳನ್ನು ಕೊರೆದು ಹೊಸ ತುಂಡುಗಳನ್ನು ಹೊರಹಾಕುತ್ತವೆ ಎಂಬುದು ನಿಜ, ಆದರೆ ಮೊಬೈಲಿನಲ್ಲಿ ಜಾಗದ ಗುರುತು ಹಂಚಿಕೊಂಡು ವಾರಾಂತ್ಯಕ್ಕೆ ಬಂದಿಳಿಯುವವರ ವೇಗ ತೊರೆಗಳಿಗಿಲ್ಲ. ಇಡೀ ದೇಶಕ್ಕೆ ಒಂದೇ ಅಳತೆ ಇಟ್ಟುಕೊಳ್ಳುವ ಬದಲು ಹಾಸಿನ ಸ್ಥಿತಿ ನೋಡಿ ವಲಯದ ಕಚೇರಿಗಳು ಕೆಲವು ಜಾಗಗಳಿಗೆ ಕೆಲವು ವರ್ಷ ಬಿಡುವು ಕೊಡುವುದೂ, ವಾರ್ಷಿಕ ಮಿತಿಯನ್ನು ತಗ್ಗಿಸುವುದೂ ಒಳ್ಳೆಯದೆಂದು ನನ್ನ ಅಭಿಪ್ರಾಯ. 113 ಕಿಲೋ ಕಲ್ಲು ಒಂದು ವರ್ಷದಲ್ಲಿ ಬೇಕಾಗುವ ಹವ್ಯಾಸಿಯನ್ನು ನಾನಂತೂ ಕಂಡಿಲ್ಲ. ನ್ಯೂ ಮೆಕ್ಸಿಕೋದ ಡೆಮಿಂಗ್ ಬಳಿ ರಾಕ್‌ಹೌಂಡ್ ಸ್ಟೇಟ್ ಪಾರ್ಕ್ ಎಂಬುದಿದೆ. ಉದ್ಯಾನವಾಗಿದ್ದೂ ಬಂದವರು ಕಲ್ಲು ಒಯ್ಯಲಿ ಎಂದೇ 1966ರಲ್ಲಿ ತೆರೆದ ಜಾಗ ಅದು, ತಲೆಗೆ 15 ಪೌಂಡ್ ಮಿತಿ. ಅಲ್ಲಿ ಈಗ ಕಾಲುದಾರಿಯ ಆಸುಪಾಸಿನಲ್ಲಿ ಒಳ್ಳೆಯ ಅಗೇಟ್ ಅಪರೂಪ. ಬೇಕೆನ್ನುವವರು ಲಿಟಲ್ ಫ್ಲಾರಿಡಾ ಬೆಟ್ಟಗಳ ಕಡಿದಾದ ಮೈಯನ್ನು ಹತ್ತಿ, ಅಲ್ಲಿಂದ ತಮ್ಮ ಪಾಲಿನ ಭಾರವನ್ನು ತಾವೇ ಹೊತ್ತು ಇಳಿಯಬೇಕು.